ಕಾಕೂನ ಹುಲ್ಲಿಗೆ ಗಾಳಿ ಕೊಟ್ಟದ್ದು

ಹುಲ್ಲು ಬೆಳೆಸುವುದರಲ್ಲಿ ಅಂಥಾ ವಿದ್ಯೆ ಏನಿದೆ? ಹಾದಿಬದಿಗೆ, ಗೋಡೆಯ ಸಂದಿಗೆ, ಯಾರೂ ಕೇಳದಿದ್ದರೂ ದೇವರು ತಾನಾಗಿ ಬೆಳೆಸುವ ವಸ್ತು ಅದು. ಮೂರು ಮಕ್ಕಳನ್ನು ಬೆಳೆಸಿದವಳಿಗೆ ಅಂಗಳದಷ್ಟು ಹುಲ್ಲು ಭಾರವೇ? ಹಾಗೆಂದು ತಿಳಿದೇ ನಾನು ಕಾಕೂ ಅವರಿಗೆ ಎದೆ ಮುಟ್ಟಿಕೊಂಡು ಮಾತು ಕೊಟ್ಟೆ. ಕೊಡುವಾಗ ನಗುತ್ತಿದ್ದೆ ಕೂಡ!

ಕಾಕೂ ಅಂದರೆ ಗದಗಿನ ನಮ್ಮ ಬಾಡಿಗೆ ಮನೆಯ ಒಡತಿ. ಅವರ ಯಜಮಾನರು ರಾವಸಾಹೇಬರು, ಮುಂಬಯಿ ಸರಕಾರದಲ್ಲಿ ದೊಡ್ಡ ನೌಕರಿ. ಕನ್ನಡ ನಾಡು ಒಂದಾಯಿತು, ಊರೆಲ್ಲ ಪೇಢೆ ಹಂಚಿತು, ರಾವಸಾಹೇಬರಿಗೆ ಮಾತ್ರ ಪುಣೆಯ ಹಾದಿ ಹಿಡಿಯಬೇಕಾಯಿತು. ಮಂಚ, ಕಪಾಟು, ಗಿಣಿಯ ಪಂಜರ ಎಲ್ಲ ರೈಲು ಹತ್ತಿದವು. ಮನೆ ಹತ್ತಲಿಲ್ಲ. ಅವರ ಮಗನಿಗೆ ನಮ್ಮ ಮನೆಯವರು ಪಾಠ ಹೇಳುತ್ತಿದ್ದರಲ್ಲ, ಆ ಗುರುತಿನ ಮೇಲೆ ಮನೆ ನಮಗೆ ಬಾಡಿಗೆಗೆ ಸಿಕ್ಕಿತು.

ಅದಕ್ಕೆ ಮೊದಲು ನಾವಿದ್ದದ್ದು ಬೆಟಗೇರಿಯಲ್ಲಿ, ಎರಡು ಮಗ್ಗದ ಮನೆಗಳ ನಡುವಿನ ಒಂದೂವರೆ ಕೋಣೆಯಲ್ಲಿ. ಎಡಕ್ಕೆ ಖಟಕ್, ಬಲಕ್ಕೆ ಖಟಕ್, ನಡುವೆ ನಮ್ಮ ಅತ್ತೆಯವರ ಕೆಮ್ಮು. ಅವರಿಗೆ ದಮ್ಮು. ನೂಲಿನ ಧೂಳು ಗಂಟಲಿಗೆ ಹೋಗಿ ಹೋಗಿ ರಾತ್ರಿಯೆಲ್ಲ ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡುತ್ತಿದ್ದರು. ಈ ಮನೆಗೆ ಬಂದ ಮೇಲೆ ಅವರು ಬೆನ್ನು ನೆಲಕ್ಕೆ ಹಚ್ಚಿ ಮಲಗಿದರು. ಮುಂಜಾನೆ ಎದ್ದು, "ಸುಂದ್ರಾ, ನನಗ ಕನಸು ಬಿತ್ತು ನೋಡು! ನಿದ್ದಿ ಬಂದ್ರ ಕನಸು ಬೀಳತೈತಿ ಅನ್ನೂದ ಮರತಿದ್ದೆ" ಅಂದರು. ನಾನು ತ್ರಿಕೂಟೇಶ್ವರನಿಗೆ ಅಲ್ಲೇ ಕೈಮುಗಿದೆ. ಈ ಮನೆ ತಪ್ಪಬಾರದು. ಅಷ್ಟೇ ನನಗೆ ಬೇಕಾದದ್ದು.

ಆದರೆ ಮನೆಗೊಂದು ಕರಾರಿತ್ತು. ಮುಂದಿನ ಅಂಗಳದಲ್ಲಿ ಕಾಕೂ ಹುಲ್ಲು ಬೆಳೆಸಿದ್ದರು. ದನಕ್ಕಲ್ಲ, ದೇವರಿಗಲ್ಲ, ನೋಡುವುದಕ್ಕೆ! ಪುಣೆಯಿಂದ ಒದ್ದೆ ಗೋಣಿಚೀಲದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ತಂದ ಹುಲ್ಲಂತೆ ಅದು. ನಾನು ತವರಿನಿಂದ ಕೂಸನ್ನೂ ಅಷ್ಟು ಜೋಪಾನವಾಗಿ ತಂದಿಲ್ಲ. ಹೊರಡುವ ದಿನ ಟಾಂಗಾದಲ್ಲಿ ಕುಳಿತೇ ಹೇಳಿದರು:

"ಸುಂದ್ರಾ, ಬಾಡಿಗಿ ನಾಕ ದಿನ ಹಿಂದ ಮುಂದ ಆದ್ರೂ ನಡೀತೈತಿ. ಹುಲ್ಲು ಒಣಗಿದ್ರ ಮಾತ್ರ ನಡಿಯೂದಿಲ್ಲ. ಬರೂ ವರ್ಷ ದೀಪಾವಳಿ ಮುಗಿಸಿ ಬಂದು ನೋಡತೀನಿ. ಹಸರ ಇತ್ತಂದ್ರ ಮನಿ ನಿಮ್ಮದು. ಇಲ್ಲಂದ್ರ ಮುಂಡರಗಿ ಹತ್ತಿ ಸಾವಕಾರ್ರು ಕೇಳಾಕತ್ತಾರ, ಅವರಿಗೆ ಕೊಟ್ಟ ಬಿಡತೀನಿ."

"ನೀವೇನೂ ಕಾಳಜಿ ಮಾಡಬ್ಯಾಡ್ರಿ ಕಾಕೂ. ಹುಲ್ಲ ಅಲ್ಲೇನ್ರಿ!" ಅಂದೆ.

ಟಾಂಗಾ ಹೊರಟಿತು. ಓಣಿಯ ತಿರುವಿನಲ್ಲಿ ಅವರು ಹೊರಗೆ ಬಾಗಿ ಕೂಗಿದರು: "ಮಳಿ ನಿಂತ ಮ್ಯಾಲೆ ಹುಲ್ಲಿಗೆ ಗಾಳಿ ಕೊಡೂದು ಮರೀಬ್ಯಾಡ!"

"ಆತ್ರೀ!" ಅಂದೆ. ಹೇಗೆ ಕೊಡುವುದು, ಯಾವುದರಿಂದ ಕೊಡುವುದು, ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಗಾಳಿಯನ್ನು ಕೊಡುವವನು ಪರಮಾತ್ಮ. ನಡುವೆ ನನ್ನದೇನು ಕೆಲಸ?

ಮರುವರ್ಷ ಮಳೆ ಮುಗಿಯಿತು. ಅದರ ಹಿಂದೆಯೇ ಹುಲ್ಲು ಹಳದಿಗೆ ತಿರುಗಿತು. ಮೊದಲು ಗೇಟಿನ ಹತ್ತಿರ ಒಂದು ಹಪ್ಪಳದಷ್ಟು, ನಂತರ ಒಂದು ಪರಾತದಷ್ಟು. ದಸರೆ ಹೊತ್ತಿಗೆ ಅರ್ಧ ಅಂಗಳಕ್ಕೆ ಕಾಮಾಲೆ ಹಿಡಿಯಿತು! ಆಗ ಕಾಕೂ ಅವರ ಮಾತು ನೆನಪಿಗೆ ಬಂತು. ಗಾಳಿ!

ಅತ್ತೆಯವರು ಕಟ್ಟೆಯ ಮೇಲೆ ಕುಳಿತು ಪರಿಸ್ಥಿತಿಯನ್ನು ಪರಾಮರ್ಶಿಸಿ ತೀರ್ಪು ಕೊಟ್ಟರು: "ಸುತ್ತೂ ಮದರಂಗಿ ಬೇಲಿ ಎದೀ ಮಟ ಬೆಳದೈತಿ. ಗಾಳಿ ಎಲ್ಲಿಂದ ಬಂದೀತು? ಅದಕ್ಕೂ ನನ್ನಂಗ ದಮ್ಮು ಹತ್ತೇತಿ, ಪಾಪ."

ಖರೆ ಅನ್ನಿಸಿತು. ಸೆರಗು ಕಟ್ಟಿ, ಕುಡಗೋಲು ಹಿಡಿದು, ಸಂಜೆಯೊಳಗೆ ಬೇಲಿಯನ್ನು ಮೊಣಕಾಲಿಗೆ ಇಳಿಸಿದೆ. ಗಾಳಿ ಸುಳಿದಾಡಿತು. ಮನಸ್ಸು ತುಂಬಿ ಬಂತು.

ಮರುದಿನ ಬೆಳಿಗ್ಗೆ ರಂಗೋಲಿ ಹಾಕಲು ಹೊರಗೆ ಬಂದರೆ, ಗಾಳಿಯ ಜೊತೆಗೆ ಪಕ್ಕದ ಮನೆಯ ನೀಲವ್ವನ ಎಮ್ಮೆಯೂ ಬಂದಿತ್ತು! ಹಳದಿ ಭಾಗದ ಕಡೆ ತಿರುಗಿ ಸಹ ನೋಡಿರಲಿಲ್ಲ. ಹಸಿರಿದ್ದದ್ದನ್ನಷ್ಟೇ ಆರಿಸಿ ಆರಿಸಿ, ಬೀಗರ ಊಟಕ್ಕೆ ಬಂದಂತೆ ಸಾವಕಾಶವಾಗಿ ಮೇಯುತ್ತಿತ್ತು.

"ನೀಲವ್ವಾ! ನಿನ್ನ ಎಮ್ಮೀನ ಹಿಡೀ ಬಾರವಾ!"

ನೀಲವ್ವ ಬೇಲಿಯನ್ನು ದಾಟಿಯೇ ಬಂದಳು. ಈಗ ದಾಟಲು ಬರುತ್ತಿತ್ತಲ್ಲ! "ಅಕ್ಕಾ, ನೀವ ಬೇಲಿ ಕಡದದ್ದು ನೋಡಿ, ಪಾಪ, ನಮ್ಮ ಗೌರೀನ ಕರ್ಯಾಕತ್ತಾರ ಅಂದ್ಕೊಂಡೆ. ಪುಣ್ಯಾತಗಿತ್ತಿ ನೀವು! ಪುಣೇದ ಹುಲ್ಲು ತಿಂದು ಇನ್ನ ಹಾಲು ಎಷ್ಟ ಕೊಡತಾಳೋ ಏನೋ."

ಪುಣ್ಯಾತಗಿತ್ತಿ ಅನಿಸಿಕೊಂಡ ಮೇಲೆ ಬೈಯುವುದು ಹೇಗೆ? ಎಮ್ಮೆ ಹೋಗುವಾಗ ಒಂದು ಬುಟ್ಟಿ ಸೆಗಣಿ ಬಿಟ್ಟು ಹೋಯಿತು. ಅಂಗಳ ಸಾರಿಸಲಿಕ್ಕಾಯಿತು. ದೇವರು ಪೂರ್ತಿ ಕೈಬಿಟ್ಟಿಲ್ಲ ಅಂದುಕೊಂಡೆ.

ನಮ್ಮ ಮನೆಯವರು ಶಾಲೆಯ ಮಾಸ್ತರರು. ಅನ್ನ ಬಡಿಸಿಕೊಂಡರೂ ಅದರ ಬಗ್ಗೆ ನಾಲ್ಕು ಮಾತು ಪಾಠ ಮಾಡದೆ ಉಣ್ಣುವವರಲ್ಲ. ಎಮ್ಮೆಯ ಪ್ರಕರಣ ಕೇಳಿ ನಕ್ಕರು.

"ಗಾಳಿ ಬೇಕಾದದ್ದು ಮ್ಯಾಲಲ್ಲ, ಬೇರಿಗೆ. ನೆಲ ಬಿಗದ ಬಿಟ್ಟೈತಿ. ತೂತ ಹಾಕಿದ್ರ ಬೇರು ಉಸರಾಡತಾವು."

"ಬಾಯಾಗ ಮಣ್ಣ ತುಂಬಕೊಂಡು ಯಾರರೆ ಉಸರಾಡತಾರೇನ್ರಿ?"

"ನಿನಗ ತಿಳಿಯೂದಿಲ್ಲ. ರವಿವಾರ ನಾನ ಮಾಡತೀನಿ, ನೋಡು."

ನೋಡಿದೆ. ರವಿವಾರ ಅವರು ಕಚ್ಚೆ ಬಿಗಿದು, ಎರವಲು ತಂದ ಕಬ್ಬಿಣದ ಹಾರಿಯನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿ, ಭೂಮಿತಾಯಿಯ ಮೇಲೆ ಬಲವಾಗಿ ಇಳಿಸಿದರು. ನಮ್ಮ ಕಡೆಯ ಎರೆ ಮಣ್ಣಿನ ಸ್ವಭಾವ ಗೊತ್ತಲ್ಲ. ಒಣಗಿದರೆ ಕಲ್ಲು, ನೆನೆದರೆ ಅಂಟು. ನಡುವೆ ಒಂದು ಗಳಿಗೆ ಮೆತ್ತಗಿರುತ್ತದಂತೆ. ಆ ಗಳಿಗೆಗೆ ನಾನು ಯಾವಾಗಲೂ ರೊಟ್ಟಿ ಬಡಿಯುತ್ತಿರುತ್ತೇನೆ. ಹಾರಿ "ಠಣ್" ಅಂದು ವಾಪಸು ಬಂತು. ಮನೆಯವರು ಬರಲಿಲ್ಲ. ಬಾಗಿದವರು ಬಾಗಿದಂತೆಯೇ ಉಳಿದರು!

"ಏನಾತ್ರೀ?"

"ಸೊಂಟ..." ಅಂದರು. ಅದಕ್ಕಿಂತ ದೊಡ್ಡ ಪಾಠ ಆ ದಿನ ಅವರು ಮಾಡಲಿಲ್ಲ.

ಅವರನ್ನು ಆ ಆಕಾರದಲ್ಲೇ ಒಳಗೆ ಸಾಗಿಸಿ ಉಪ್ಪಿನ ಶಾಖ ಕೊಟ್ಟೆ. ಮೂಳೆ ಮುರಿದಿರಲಿಲ್ಲ, ಅದು ದೇವರ ದಯೆ. ಶಾಖದ ಸುಖಕ್ಕೋ ಏನೋ, ಬೋರಲು ಮಲಗಿದ್ದಲ್ಲೇ ಅವರಿಗೆ ಜ್ಞಾನೋದಯವಾಯಿತು.

"ಈಗ ನೆನಪಾತು ನೋಡು! ಪಾಠ ಹೇಳಾಕ ಬಂದಾಗ ನೋಡಿದ್ದೆ. ರಾವಸಾಹೇಬ್ರು ಬೂಟಿಗೆ ಮೊಳಿ ಬಡಿಸಿಕೊಂಡು ಈ ಹುಲ್ಲಿನ ಮ್ಯಾಲೆ ಅತ್ತಾಗ ಇತ್ತಾಗ ಅಡ್ಡಾಡತಿದ್ರು. ಹೆಜ್ಜಿ ಹೆಜ್ಜಿಗೆ ತೂತು! ನಾನು ಜಪಾ ಮಾಡಾಕತ್ತಾರ ಅಂತ ತಿಳಿದಿದ್ದೆ."

"ಇದನ್ನ ಹಾರಿ ಎತ್ತೂಕಿಂತ ಮೊದಲ ನೆನಸಬಾರದಿತ್ತೇನ್ರಿ?"

ಅವರು ನರಳಿದರು.

ಬೂಟು ನಮ್ಮ ವಂಶದಲ್ಲೇ ಇಲ್ಲ. ಆದರೆ ಕಟ್ಟಿಗೆಯ ಹಾವಿಗೆ ಮಾಡಿಸಬಹುದಲ್ಲ! ಕೆಳಗೆ ಮೊಳೆ ಬಡಿಸಿ, ಹಾಕಿಕೊಂಡು, ಶಿವನಾಮ ಹೇಳುತ್ತ ಹುಲ್ಲಿನ ಮೇಲೆ ಅಡ್ಡಾಡಿದರೆ ಹುಲ್ಲಿಗೆ ಗಾಳಿ, ನನಗೆ ಪುಣ್ಯ. ನನ್ನ ಬುದ್ಧಿಗೆ ನಾನೇ ಬೆರಗಾದೆ. ದೀಪಾವಳಿಯ ಎಣ್ಣೆ ನೀರು ಮುಗಿದದ್ದೇ ಬಡಿಗೇರ ಮೌನಪ್ಪನ ಅಂಗಡಿಗೆ ಹೋದೆ. ಮೌನಪ್ಪ ಕೆಲಸದಲ್ಲಿ ಚೊಕ್ಕ, ದೇವರೆಂದರೆ ಜೀವ. ಮೌನ ಮಾತ್ರ ಹೆಸರಿನಲ್ಲಷ್ಟೇ.

"ಮೌನಪ್ಪಾ, ಒಂದ ಜೋಡು ಹಾವಿಗಿ ಬೇಕು. ಮೊಳಿ ಬಡದದ್ದು. ಚೂಪು ಇರಬೇಕು."

ಅವನ ಕೈಯಲ್ಲಿದ್ದ ಉಳಿ ನಿಂತಿತು. "ಮೊಳಿ ಬಡದದ್ದು? ಯಾರ ಸಲುವಾಗ್ರೀ ಅವ್ವಾರ?"

"ಮತ್ಯಾರು, ನಾನ ಹತ್ತಬೇಕು. ನಮ್ಮ ಮನಿಯವರಿಗೆ ಸೊಂಟ ಹಿಡದ ನೆಲಾ ಹಿಡದಾರ."

"ಶಿವ ಶಿವಾ! ಎದಕ್ಕ ಇಂಥಾದ್ದೆಲ್ಲಾ?"

"ಗಾಳಿ ಹೋಗಬೇಕಪ್ಪಾ. ಗಾಳಿ ಹೋಗಲಿಲ್ಲಂದ್ರ ಈ ಮನಿ ಬಿಡೂದ ಗತಿ ನಮಗ."

ಮೌನಪ್ಪ ಎದ್ದು ನನ್ನ ಹತ್ತಿರ ಬಂದ. ದನಿ ಸಣ್ಣದು ಮಾಡಿದ. "ಯಾವಾಗಿಂದ ಐತ್ರೀ ಇದು?"

"ಕಾಕೂ ಹೋದಾಗಿಂದ ಸುರು ಆತು ನೋಡು."

"ಅಯ್ಯೋ! ಕಾಕೂ ಹೋದ್ರ?"

"ಹೋಗಿ ವರ್ಷಾತಲ್ಲೋ! ನಿನಗ ಖಬರ ಇಲ್ಲೇನು? ಹೋಗೂ ಹೊತ್ತಿನ್ಯಾಗೂ ಅವರ ಜೀವ ಆ ಹುಲ್ಲಿನ ಮ್ಯಾಲ ಇತ್ತು. ದೀಪಾವಳಿ ಮುಗದ ಮ್ಯಾಲೆ ಬಂದ ಬರತೀನಿ ಅಂತ ಹೇಳೇ ಹೋಗ್ಯಾರ. ಅವರು ಬರೂದ್ರೊಳಗ ಗಾಳಿ ಹೋಗಿರಬೇಕು."

ಮೌನಪ್ಪನ ಮುಖ ಬಿಳಿಚಿತು. ಹಾವಿಗೆಗೆ ಅಳತೆ ಕೊಡಲು ನಾನು ಕಾಲು ಮುಂದಿಟ್ಟರೆ ಅವನು ಕಾಲಿಗೆ ನಮಸ್ಕಾರ ಮಾಡಿದ! "ನಿಮ್ಮಂಥಾವರು ಇರೂದಕ್ಕ ಮಳಿ ಬೆಳಿ ಆಗಾಕತ್ತಾವ್ರಿ ಅವ್ವಾರ. ಸ್ವಾಮಾರ ಮುಂಜಾನಿ ನಾನ ತರತೀನಿ. ನೀವು ಬರಬ್ಯಾಡ್ರಿ." ಅರೆ, ಹುಲ್ಲಿನ ಬಗ್ಗೆ ಈ ಬಡಿಗೇರನಿಗೆ ಎಷ್ಟು ಕಳಕಳಿ! ಅಂದುಕೊಂಡು ಸಂತೋಷದಿಂದ ಮನೆಗೆ ಬಂದೆ.

ನನ್ನ ದಡ್ಡತನ ನೋಡಿರಿ. "ಗಾಳಿ" ಅಂದರೆ ನಮ್ಮೂರಿನಲ್ಲಿ ಬೀಸುವುದೂ ಹೌದು, ಮೈಮೇಲೆ ಬರುವುದೂ ಹೌದು. "ಹೋದರು" ಅಂದರೆ ಪುಣೆಗೂ ಹೌದು, ಮೇಲಕ್ಕೂ ಹೌದು. ಇಷ್ಟು ವರ್ಷ ಕನ್ನಡ ಮಾತಾಡಿದ ನನಗೆ ಇದು ಹೊಳೆಯಲಿಲ್ಲ! ಕಾಕೂ ತೀರಿಕೊಂಡು ನನ್ನ ಮೈಮೇಲೆ ಬರುತ್ತಾರೆಂದು ಎರಡೇ ದಿನದಲ್ಲಿ ಇಡೀ ಓಣಿಗೆ, ನಮ್ಮ ಅತ್ತೆಯವರಿಗೂ ಗೊತ್ತಾಗಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಸೋಮವಾರ ಮುಂಜಾನೆ ಪೂಜೆ ಮುಗಿಸಿ ಎದ್ದೆ. ಹೊರಗೆ ಹಲಗೆ ಬಾರಿಸುವ ಸಪ್ಪಳ. ಯಾರದೋ ಮನೆಯ ದೇವರು ಹೊರಟಿರಬೇಕೆಂದು ಕೈಮುಗಿಯುತ್ತ ಬಾಗಿಲಿಗೆ ಬಂದೆ. ದೇವರು ನಮ್ಮ ಮನೆಗೇ ಬಂದಿತ್ತು! ಮುಂದೆ ಮಡಿ ಉಟ್ಟ ಮೌನಪ್ಪ, ತಲೆಯ ಮೇಲೆ ಹಿತ್ತಾಳೆಯ ಹರಿವಾಣ. ಹಿಂದೆ ನೀಲವ್ವ, ಅವಳ ಹಿಂದೆ ಕಾಯಿ, ಊದುಬತ್ತಿ, ಲಿಂಬೆಹಣ್ಣು ಹಿಡಿದ ಹೆಂಗಸರು, ಅವರ ಹಿಂದೆ ಹೆಗಲ ಮೇಲೆ ಕೂಸು ಕೂಡಿಸಿಕೊಂಡ ಗಂಡಸರು. ಎಲ್ಲರೂ ನಿಂತದ್ದು ಎಲ್ಲಿ? ಹುಲ್ಲಿನ ಮೇಲೆ!

"ಏನಿದು ಮೌನಪ್ಪಾ?"

ಅವನು ಹರಿವಾಣ ಇಳಿಸಿ, ಮೇಲಿನ ಹೊಸ ವಸ್ತ್ರ ತೆಗೆದ. ಹಾವಿಗೆ ಇದ್ದವು. ಕುಂಕುಮ ಹಚ್ಚಿ, ಹೂ ಏರಿಸಿದ್ದ. ಮೊಳೆಗಳೂ ಇದ್ದವು, ಸಾಲಾಗಿ, ಫಳಫಳ ಹೊಳೆಯುತ್ತ.

ಮೇಲ್ಮುಖವಾಗಿ!

ಮುಳ್ಳಾವಿಗೆ! ದೊಡ್ಡ ಹರಕೆ ಹೊತ್ತ ಪುಣ್ಯವಂತರು ಆ ಮೊಳೆಗಳ ಮೇಲೆಯೇ ಬರಿಗಾಲಿಟ್ಟು ಹತ್ತುತ್ತಾರಲ್ಲ, ಅದು!

"ಮೌನಪ್ಪಾ, ಮೊಳಿ ತೆಳಗ ಇರಬೇಕಿತ್ತಲ್ಲೋ!"

"ತೆಳಗಿದ್ರ ಅದೆಂಥಾ ಹರಕಿ ಅಕ್ಕಾ?" ಅಂದಳು ನೀಲವ್ವ. "ಹಂಗಾದ್ರ ನಾನೂ ಹತ್ತತೀನಿ!"

ಜನ ನಕ್ಕರು. ಯಾರೋ ಒಬ್ಬ ಮುದುಕಿ, "ನಗಬ್ಯಾಡ್ರಿ, ಆಕೀ ಕಷ್ಟ ಆಕಿಗೆ" ಎಂದು ಗದರಿಸಿದಳು. ನಾನು ಹರಕೆ ಅಲ್ಲ ಎಂದೆ, ಹುಲ್ಲು ಎಂದೆ, ತೂತು ಎಂದೆ. ಹಲಗೆಯ ಸಪ್ಪಳದಲ್ಲಿ ಯಾರಿಗೂ ಕೇಳಲಿಲ್ಲ. ಕೇಳಿಸಿಕೊಂಡವರೂ, "ನೋಡ್ರಿ, ಏನೇನೋ ಬಡಬಡಸಾಕತ್ತಾಳ" ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಆಧಾರಕ್ಕೆಂದು ಅತ್ತೆಯವರ ಕಡೆ ತಿರುಗಿದೆ. ಅವರು ಆಗಲೇ ಆರತಿ ಹಚ್ಚಿಕೊಂಡು ಹೊರಗೆ ಬಂದಿದ್ದರು! "ಮನೀ ಸಲುವಾಗಿ ಇಷ್ಟ ಮಾಡಾಕತ್ತೀಯೇನವಾ ಸುಂದ್ರಾ? ಹತ್ತು. ದೇವರು ಅದಾನ" ಎಂದು ಕಣ್ಣೀರು ಒರೆಸಿಕೊಂಡರು. ಒಳಗಿನಿಂದ ಬೋರಲು ದನಿ ಬಂತು: "ಏನದು ಗದ್ದಲ? ಯಾರರೆ ನನ್ನ ಎಬ್ಬಸ್ರಿ!" ಯಾರೂ ಎಬ್ಬಿಸಲಿಲ್ಲ.

ಹತ್ತುವುದಿಲ್ಲವೆಂದರೆ ಹರಕೆ ಮುರಿದವಳು. ಹತ್ತಿದರೆ ಕಾಲು ಮುರಿದವಳು. ಒಂದು ಹೆಬ್ಬೆರಳು ಮುಟ್ಟಿಸಿ ಹಿಂದೆಗೆದರೆ ದೇವರಿಗೂ ಜನಕ್ಕೂ ಸಮಾಧಾನವಾದೀತೆಂದು, ಪಂಚಾಕ್ಷರಿ ಹೇಳುತ್ತ ಬೆರಳು ಇಟ್ಟೆ. ಅಷ್ಟರಲ್ಲಿ ಹಿಂದಿನವರು ನೋಡಲಿಕ್ಕೆಂದು ಮುಂದೆ ನೂಕಿದರು. ನೀಲವ್ವ ನನ್ನ ಮೇಲೆ ಬಿದ್ದಳು. ನಾನು ಮೊಳೆಯ ಮೇಲೆ ಬಿದ್ದೆ.

"ಅಯ್ಯಯ್ಯಪ್ಪೋ!" ಎಂದು ಕಿರುಚಿದೆ. ಮುಡಿ ಬಿಚ್ಚಿಕೊಂಡಿತು. ಹಲಗೆ ಗಕ್ಕನೆ ನಿಂತಿತು.

"ಬಂತು! ಗಾಳಿ ಬಂತು!" ಎಂದ ಮೌನಪ್ಪ. ನೀಲವ್ವ ಧೈರ್ಯ ಮಾಡಿ ನನ್ನ ಮುಖಕ್ಕೆ ಲಿಂಬೆಹಣ್ಣು ಹಿಡಿದಳು. "ಹೇಳು! ಏನ ಬೇಕು ನಿನಗ?"

ಕಾಲಿನ ಉರಿ, ತಲೆಯ ಉರಿ ಎರಡೂ ಸೇರಿ ಬಾಯಿಂದ ಬಂತು: "ಹುಲ್ಲು! ನನ್ನ ಹುಲ್ಲು ಬಿಟ್ಟ ಹೊರಗ ನಡೀರಿ ಎಲ್ಲಾರೂ!"

"ಕಾಕೂನ! ಕಾಕೂನ ಮಾತಾಡಾಕತ್ತಾಳ!" ಎಂದು ಜನ ಎರಡು ಹೆಜ್ಜೆ ಹಿಂದೆ ಸರಿದರು.

ಸರಿಯಾಗಿ ಅದೇ ಗಳಿಗೆಗೆ ಗೇಟಿನ ಮುಂದೆ ಒಂದು ಟಾಂಗಾ ನಿಂತಿತು. ಹಸಿರು ಸೀರೆಯ ಕಚ್ಚೆ ಸರಿಪಡಿಸಿಕೊಳ್ಳುತ್ತ, ಸಾಕ್ಷಾತ್ ಕಾಕೂ ಇಳಿದರು.

"ಸುಂದ್ರಾ? ಏನ ನಡದೈತಿ ಇಲ್ಲೆ?"

ಆಮೇಲೆ ನಡೆದದ್ದನ್ನು ನಾನು ಪೂರ್ತಿ ನೋಡಲಿಲ್ಲ, ಧೂಳು ಎದ್ದಿತ್ತು. ಗೇಟಿನಲ್ಲಿ ಕಾಕೂ ನಿಂತಿದ್ದರಿಂದ ಹೊರಗೆ ಹೋಗಲು ಹಾದಿಯಿಲ್ಲ. ಅಷ್ಟೂ ಜನ ಹುಲ್ಲಿನ ಮೇಲೆ ಗಾಣದೆತ್ತಿನಂತೆ ಸುತ್ತು ಹೊಡೆದು, ನಾನು ಕಡಿದಿಟ್ಟ ಬೇಲಿಯನ್ನು ಹಾರಿ ಪಾರಾದರು. ಮೌನಪ್ಪ ಎಲ್ಲರಿಗಿಂತ ಮೊದಲು ಹಾರಿದ. ಓಡಲಾಗದೆ ಉಳಿದವರು ಅತ್ತೆಯವರು ಒಬ್ಬರೇ. ದಮ್ಮು ಹತ್ತಿ, ಕಟ್ಟೆಯ ಮೇಲೆ ಕುಸಿದು, ಕೈ ಜೋಡಿಸಿ ಕೇಳಿದರು:

"ಕಾಕೂ... ನಿಮಗ ಈಗ ಚಹಾ ನಡೀತೈತೇನ್ರೀ?"

"ನಡೀಲಾರದ ಏನು? ಸಕ್ಕರಿ ಕಡಿಮಿ ಹಾಕ್ರಿ" ಅಂದರು ಕಾಕೂ. ಅತ್ತೆಯವರು ಮೂರ್ಛೆ ಹೋದರು.

ನೀರು ಚಿಮುಕಿಸಿ ಅವರನ್ನು ಎಬ್ಬಿಸಿ, ನಡೆದದ್ದನ್ನೆಲ್ಲ ಕಾಕೂ ಅವರಿಗೆ ಅಳುತ್ತಲೇ ಹೇಳಿದೆ. ಅವರು ಅಂಗಳಕ್ಕೆ ಇಳಿದು ಕುಕ್ಕರಗಾಲಲ್ಲಿ ಕುಳಿತರು. ಅಲ್ಲಿ ಹಸಿರೂ ಇರಲಿಲ್ಲ, ಹಳದಿಯೂ ಇರಲಿಲ್ಲ. ಕಾಯಿಯ ಚಿಪ್ಪು, ಹಿಚುಕಿದ ಲಿಂಬೆಹಣ್ಣು, ಯಾರದೋ ಕೂಸಿನ ಕುಲಾಯಿ. ನೆಲವನ್ನು ಅಷ್ಟು ಬಿಗಿಯಾಗಿ ಬಡಿಯುವುದು ಊರ ರಸ್ತೆ ಮಾಡುವವರಿಗೂ ಆಗುತ್ತಿರಲಿಲ್ಲ. ಇಷ್ಟೆಲ್ಲ ಮೊಳೆಗಳಿಂದ ತೂತು ಬಿದ್ದದ್ದು ನನ್ನ ಅಂಗಾಲಿಗೆ ಮಾತ್ರ! ಕಾಕೂ ಒಂದು ಎಳೆ ಒಣಹುಲ್ಲು ಹಿಡಿದು ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು. ಬೈದಿದ್ದರೆ ಚೆನ್ನಾಗಿತ್ತು.

"ಗಾಳಿ ಕೊಡು ಅಂದಿದ್ದೆ ಸುಂದ್ರಾ" ಅಂದರು, "ಹಿಂಗ ತುಳಸು ಅಂದಿದ್ದಿಲ್ಲ. ನಾಳೆ ಸಾವಕಾರ್ರು ಮನಿ ನೋಡಾಕ ಬರತಾರ. ನೀವು ಬ್ಯಾರೆ ಕಡೆ ನೋಡಕೋರಿ." ಎದ್ದು, ಊರೊಳಗಿನ ತಮ್ಮ ಪರಿಚಯದವರ ಮನೆಗೆ ಹೋದರು. ಚಹಾ ಕುಡಿಯಲಿಲ್ಲ.

ಆ ಸಂಜೆ ಪಾತ್ರೆ ಪಡಗ ಗೋಣಿಚೀಲಕ್ಕೆ ತುಂಬಲು ಕುಳಿತೆ. ಅತ್ತೆಯವರು ತಮ್ಮ ಹಾಸಿಗೆ ತಾವೇ ಸುತ್ತಿ, ಅದಕ್ಕೆ ಒರಗಿ ಕುಳಿತರು. ಬೆಟಗೇರಿಯಲ್ಲಿ ಕುಳಿತಂತೆ. ಅವರಿಗೆ ಈಗಿಂದಲೇ ರೂಢಿಯಾಗಲಿ ಎಂದು ಇರಬೇಕು. ನಾನು ದೇವರ ಮುಂದೆ ಕುಳಿತು, ಸಿಕ್ಕಿದ್ದನ್ನು ನೆನೆಯೋಣವೆಂದು ನೋಡಿದೆ. ಮೊಳೆ ಹೊಸವು, ತುಕ್ಕು ಇರಲಿಲ್ಲ. ಬೇರೆ ಏನೂ ಹೊಳೆಯಲಿಲ್ಲ.

ಮರುದಿನ ಸಾವಕಾರರು ಬಂದೇ ಬಂದರು. ಜರಿ ರುಮಾಲು, ಕೈಯಲ್ಲಿ ಬೆಳ್ಳಿ ಹಿಡಿಕೆಯ ಕೋಲು. ಮನೆಯವರು ಗೋಡೆ ಹಿಡಿದು, ಅರ್ಧ ನೆಟ್ಟಗಾಗಿ ಅವರನ್ನು ಪಡಸಾಲೆಯಲ್ಲಿ ಕೂಡಿಸಿದರು. ನಾನು ಒಳಗೆ ಮಧ್ಯಾಹ್ನದ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಮನೆ ಬಿಡುವವರಿಗೂ ಹಸಿವೆ ಬಿಡುವುದಿಲ್ಲವಲ್ಲ. ಮಾತು ಕೇಳುತ್ತಿತ್ತು.

"ಮಾಸ್ತರ, ನೀವು ಶಾಣ್ಯಾರು, ಸುಳ್ಳ ಹೇಳಾವರಲ್ಲ. ಮೋಟಾರ ಸ್ಟ್ಯಾಂಡಿನಿಂದ ಇಲ್ಲೀ ತನಕ ಟಾಂಗಾದಾಂವ ಒಂದ ಸವನೆ ಹೇಳಿದ. ಈ ಮನ್ಯಾಗ ಗಾಳಿ ಐತಂತ. ಖರೆ ಏನ್ರಿ?"

ಮನೆಯವರಿಗೆ ಸೊಂಟದ ನೋವು, ಮನೆ ತಪ್ಪಿದ ಸಂಕಟ. ಇದ್ದ ಸಿಟ್ಟೆಲ್ಲ ನನ್ನ ಮೇಲೆ.

"ಐತ್ರಿ" ಅಂದರು. "ಈಗ ಒಳಗ ಒಗ್ಗರಣಿ ಹಾಕಾಕತ್ತೈತಿ."

ನನಗೆ ಸಿಟ್ಟು ನೆತ್ತಿಗೇರಿತು. ಅವರ ಸಲುವಾಗಿ ಮೊಳೆಯ ಮೇಲೆ ಬಿದ್ದವಳು ನಾನು! ಕೇಳಿಯೇ ಬಿಡುತ್ತೇನೆಂದು ಹಾಗೆಯೇ ಹೊರಗೆ ಬಂದೆ. ತಲೆಗೆ ಎರೆದುಕೊಂಡಿದ್ದೆ, ಕೂದಲು ಬಿಚ್ಚಿತ್ತು. ಹಣೆಯ ತುಂಬ ವಿಭೂತಿ. ಒಗ್ಗರಣೆಯ ಖಾರಕ್ಕೆ ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಕೈಯಲ್ಲಿ ಹೊಗೆಯಾಡುವ ಸೌಟು. ಅಂಗಾಲಿನ ಗಾಯಕ್ಕೆ ನೆಟ್ಟಗೆ ನಡೆಯಲಾಗದೆ, ಒಂದು ಕಾಲು ಎಳೆಯುತ್ತ, ಹಲ್ಲು ಕಚ್ಚಿಕೊಂಡು, "ಯಾರಿಗಂದ್ರಿ?" ಎಂದೆ.

ಸಾವಕಾರರು ನೋಡಿದರು. ಕೋಲು ಅಲ್ಲೇ ಉಳಿಯಿತು. ರುಮಾಲು ಹೊಸ್ತಿಲಲ್ಲಿ ಸಿಕ್ಕಿತು. ಮುಂಡರಗಿಯ ಮೋಟಾರು ಹೊರಡುವ ತನಕ ಅವರು ಹಿಂದೆ ತಿರುಗಿ ನೋಡಲಿಲ್ಲವಂತೆ!

ಅವರ ಬಾಯಿಂದ ಮುಂಡರಗಿ, ಅಲ್ಲಿಂದ ಶಿರಹಟ್ಟಿ, ಲಕ್ಷ್ಮೇಶ್ವರ, ಎಲ್ಲೆಡೆ ಸುದ್ದಿ ಹಬ್ಬಿತು. ಮನೆ ಕೇಳಲು ಮತ್ತೊಬ್ಬರು ಬರಲಿಲ್ಲ. ನಾಲ್ಕು ದಿನ ಕಾಯ್ದು ಕಾಕೂ ತಾವೇ ಬಂದು, "ಇರ್ರಿ ಅತ್ತಾಗ, ನೀವ ಇರ್ರಿ" ಎಂದು ತಮ್ಮಲ್ಲಿದ್ದ ಕೀಲಿಕೈಯನ್ನೂ ನಮ್ಮ ಮುಂದಿಟ್ಟು ಪುಣೆಯ ರೈಲು ಹತ್ತಿದರು. ಹುಲ್ಲಿನ ಹೆಸರು ಎತ್ತಲಿಲ್ಲ. ಅತ್ತೆಯವರು ಹಾಸಿಗೆ ಬಿಚ್ಚಿ ಹಾಸಿದರು.

ಮನೆ ಉಳಿಯಿತು. ದೇವರಿಗೆ ತುಪ್ಪದ ದೀಪ ಹಚ್ಚಿದೆ. ಆದರೆ ಕೈಮುಗಿದು ನಿಂತಾಗ ಏನೆಂದು ಹೇಳಬೇಕೋ ತಿಳಿಯಲಿಲ್ಲ. ಮನೆ ಉಳಿದದ್ದು ಹುಲ್ಲು ಬೆಳೆಸಿದ್ದಕ್ಕಲ್ಲ. ಹರಕೆಗಲ್ಲ. ಪೂಜೆಗೂ ಅಲ್ಲ.

ಸಾವಕಾರರು ನನ್ನ ಮುಖ ನೋಡಿದ್ದಕ್ಕೆ!